ಬಾಯಿ ಪರೀಕ್ಷೆ

ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಗಾದೆ. ನಮ್ಮಲ್ಲಿ ಕೇಳಿಯೇ ಅರೆಯುತ್ತೇವೆ. ನಮ್ಮ ಹುಲ್ಲಿನ ಕೇಂದ್ರದಲ್ಲಿ ಯಾವ ಹೊಸ ತಳಿಯ ಹುಲ್ಲಾದರೂ ಕೊನೆಗೆ ದನಗಳ ಮುಂದೆ ನಿಲ್ಲಲೇಬೇಕು. ಅದು ಎಷ್ಟು ಎತ್ತರ ಬೆಳೆಯುತ್ತದೆ, ಎಷ್ಟು ಬಿಸಿಲು ತಡೆಯುತ್ತದೆ, ಗೊರಸಿನ ತುಳಿತಕ್ಕೆ ಸಾಯುತ್ತದೋ ಬದುಕುತ್ತದೋ, ಇದನ್ನೆಲ್ಲ ಓದಿದವರು ಅಳೆದು ತೂಗಿ ನೋಡುತ್ತಾರೆ. ಅದೆಲ್ಲ ಮುಗಿದ ಮೇಲೆ ಒಂದು ಹೊಲದಲ್ಲಿ ಅಕ್ಕಪಕ್ಕ ಎಂಟು ತಾಕು ಮಾಡಿ, ಒಂದೊಂದರಲ್ಲಿ ಒಂದೊಂದು ಹುಲ್ಲು ಬೆಳೆಸಿ, ಹಸಿದ ದನಗಳನ್ನು ಒಳಗೆ ಬಿಟ್ಟು ಬೇಲಿ ಮುಚ್ಚುತ್ತಾರೆ. ಬೇಕಾದ್ದು ತಿನ್ನಿ, ಬೇಡದ್ದು ಬಿಡಿ ಎಂದು. ಇದಕ್ಕೆ ಪುಸ್ತಕದಲ್ಲಿ ಉದ್ದನೆಯ ಹೆಸರೊಂದಿದೆ. ಕೆಲಸ ಮಾಡುವ ನಾವೆಲ್ಲ ಬಾಯಿ ಪರೀಕ್ಷೆ ಎನ್ನುತ್ತೇವೆ.

ಹೊಲದ ಮೂಲೆಯಲ್ಲಿ ನಾಲ್ಕು ಕಂಬದ ಮೇಲೆ ಒಂದು ಅಟ್ಟಣೆ ಇದೆ. ಅದರ ಮೇಲೆ ತಗಡಿನ ನೆರಳಿನಲ್ಲಿ ಕೂತು, ಯಾವ ದನ ಯಾವ ತಾಕಿನಲ್ಲಿ ತಿನ್ನುತ್ತಿದೆ ಎಂದು ಗುರುತು ಹಾಕುವವಳು ನಾನು. ಸುಮ್ಮನೆ ನಿಂತಿದ್ದರೆ ಲೆಕ್ಕವಿಲ್ಲ, ಮೂಸಿ ನೋಡಿದರೂ ಲೆಕ್ಕವಿಲ್ಲ. ಬಾಯಿ ಹುಲ್ಲಿಗೆ ಬಿದ್ದು ಕಿತ್ತರೆ ಮಾತ್ರ ಲೆಕ್ಕ. ಈ ಕೆಲಸಕ್ಕೆ ನನ್ನನ್ನೇ ಯಾಕೆ ಹಾಕಿದರೆಂದರೆ, ನನ್ನ ಬಾಯಿಗೆ ಹೆದರಿ ಯಾರೂ ಹತ್ತಿರ ಬಂದು ಹರಟುವುದಿಲ್ಲ. ಬೆನ್ನ ಹಿಂದೆ ನನ್ನನ್ನು ಖಾರದಕ್ಕ ಎನ್ನುತ್ತಾರಂತೆ. ಎನ್ನಲಿ. ಈ ಮೂಗಿನ ತುದಿಯ ಕೋಪವನ್ನು ಇಟ್ಟುಕೊಂಡೇ ನಾನು ಒಬ್ಬ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದೇನೆ.

ಆ ತಮ್ಮನನ್ನೇ ಕೇಂದ್ರದಲ್ಲಿ ಎಲ್ಲರೂ ಹುಲ್ಲಪ್ಪ ಎನ್ನುವುದು. ಓದಿದವನು, ಹೊಸ ತಳಿಗಳನ್ನು ಮಾಡುವವನು, ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ಆದರೂ ಹುಲ್ಲಪ್ಪನೇ, ಅವನಿಗೂ ಅದೇ ಇಷ್ಟ. ಹೊಲದಲ್ಲಿ ಓಡಾಡುವಾಗ ಪ್ರತಿ ಗಿಡದ ಎಲೆಯನ್ನೂ ಅಗಿದು, ಕಣ್ಣು ಮುಚ್ಚಿ ಯೋಚಿಸಿ, ಉಗುಳಿ ಮುಂದಿನದಕ್ಕೆ ಹೋಗುವನು. "ದನಕ್ಕಿಂತ ಮೊದಲು ನೀನೇ ಮೇಯ್ದುಬಿಟ್ರೆ ಅವಕ್ಕೇನು ಉಳಿಯತ್ತೋ?" ಎಂದು ನಾನು ಬೈದರೆ, "ಹಾಲು ಕೊಡೋದೊಂದು ಬಾಕಿ ಅಕ್ಕ" ಎನ್ನುವನು. ಅಮ್ಮ ಹೋದಾಗ ಅವನಿಗೆ ಹಾಲುಹಲ್ಲು. ಅಪ್ಪ ಲಾರಿ ಓಡಿಸುತ್ತಿದ್ದರು, ಮನೆಗೆ ಬಂದ ದಿನವೂ ನೆಂಟರ ಹಾಗೆ ಇರುತ್ತಿದ್ದರು. ನಾನು ಮದುವೆಯಾಗಲಿಲ್ಲ. ಆಗಬಾರದೆಂದೇನಿಲ್ಲ, ಪುರುಸೊತ್ತಾಗಲಿಲ್ಲ. ಅವನೂ ಆಗಲಿಲ್ಲ. ಅವನಿಗೆ ಹುಲ್ಲೇ ಸಾಕಾಯಿತು.

ಹುಲ್ಲೆಂದರೆ ಒಂದೇ ಹುಲ್ಲು. ನಮ್ಮ ಸೀಮೆಯಲ್ಲಿ ಮಳೆ ನಿಂತ ಮೇಲೆ ನೆಲ ಹಂಚಿನ ಹಾಗೆ ಕಾಯುತ್ತದೆ, ಹಸಿರೆನ್ನುವುದು ಕಣ್ಣಿಗೆ ಕಾಣದೆ ತಿಂಗಳುಗಟ್ಟಲೆ ಕಳೆಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ರಸ್ತೆಯ ಬದಿಯಲ್ಲಿ ಒಂದು ಹಸು ರಟ್ಟಿನ ಡಬ್ಬ ಅಗಿಯುವುದನ್ನು ನೋಡಿ ಬಂದ. ಆ ದಿನ ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದ. ಆಮೇಲೆ ಶುರುವಾಯಿತು ಅವನ ಹುಚ್ಚು: ಬೇರು ಪಾತಾಳಕ್ಕೆ ಇಳಿಯಬೇಕು, ಮಳೆಯಿಲ್ಲದಾಗಲೂ ಹಸಿರಾಗಿರಬೇಕು. ಹತ್ತು ಹನ್ನೆರಡು ವರ್ಷ ಅದನ್ನು ಇದಕ್ಕೆ ಕೂಡಿಸಿ, ಇದನ್ನು ಅದಕ್ಕೆ ಕೂಡಿಸಿ, ಬೇಡವಾದದ್ದನ್ನು ನಿರ್ದಯವಾಗಿ ಕಿತ್ತೆಸೆದ. ನೂರಾರು ತಳಿ ಹಾಗೆ ತಿಪ್ಪೆಗೆ ಹೋದವು. ಉಳಿದದ್ದು ಒಂದು. ಏಳನೆಯ ತಾಕಿನಲ್ಲಿ ಬೆಳೆಯುತ್ತಿದ್ದುದರಿಂದ ಅದಕ್ಕೆ ಏಳನೆಯದು ಎಂದೇ ಹೆಸರು. ಬೇರೆ ಹೆಸರು ಪಾಸಾದ ಮೇಲೆ ಇಡುವುದೆಂದು ಬಿಟ್ಟಿದ್ದ. ಬೇಸಗೆಯ ನಡುವೆ ನಮ್ಮ ಹೊಲ ನೋಡಿದರೆ ಎಲ್ಲ ಬೂದಿ ಬಣ್ಣ, ನಡುವೆ ಒಂದು ಚೌಕ ಮಾತ್ರ ಕಡು ಹಸಿರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಎಷ್ಟು ಆಡಿಕೊಂಡರೂ, ಆ ಚೌಕವನ್ನು ನೋಡಿದಾಗ ನನ್ನ ಎದೆಯೂ ಉಬ್ಬುತ್ತಿತ್ತು.

ಬಾಯಿ ಪರೀಕ್ಷೆಯಲ್ಲಿ ಸತತ ಮೂರು ವರ್ಷ ಗೆದ್ದರೆ ಮಾತ್ರ ಬೀಜ ರೈತರ ಕೈಗೆ ಹೋಗುತ್ತದೆ. ಏಳನೆಯದು ಎರಡು ವರ್ಷ ಗೆದ್ದಿತ್ತು. ಅದೂ ಅಂತಿಂಥ ಗೆಲುವಲ್ಲ. ಗೇಟು ತೆಗೆದರೆ ಸಾಕು, ದೊಡ್ಡಮ್ಮ ನೇರವಾಗಿ ಏಳನೆಯ ತಾಕಿಗೆ ನಡೆಯುತ್ತಿದ್ದಳು, ಉಳಿದವು ಅವಳ ಹಿಂದೆ.

ದೊಡ್ಡಮ್ಮ ಎಂದರೆ ನಮ್ಮ ಹಿಂಡಿನ ಹಿರಿಯ ಹಸು. ಈದ ದಿನವೇ ತಾಯಿ ಸತ್ತ ಕರು ಅವಳು. ಬದುಕುವುದಿಲ್ಲವೆಂದು ಕೊಟ್ಟಿಗೆಯವರು ಕೈಬಿಟ್ಟಾಗ ಹುಲ್ಲಪ್ಪ ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಕ್ವಾರ್ಟರ್ಸಿಗೆ ತಂದ. ವರಾಂಡದಲ್ಲಿ ಗೋಣಿ ಹಾಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ. ನಾನು ಒಣಹಾಕಿದ ಬಟ್ಟೆಗಳನ್ನು ಅದು ಒಂದೊಂದಾಗಿ ಅಗಿದು ಹಾಕಿತು. ಬೈದರೆ, ಕೊಂಕು ತೆಗೆಯಲು ಬಂದ ದೊಡ್ಡಮ್ಮನ ಹಾಗೆ ನನ್ನನ್ನೇ ಮೇಲಿನಿಂದ ಕೆಳಗೆ ನೋಡುತ್ತಿತ್ತು. ಹೆಸರು ಹಾಗೆ ಬಂತು. ಹಿಂಡಿಗೆ ಸೇರಿದ ಮೇಲೆ ಅವಳು ನಡೆದದ್ದೇ ದಾರಿ. ಅವಳು ಕೂತರೆ ಎಲ್ಲ ಕೂತವು, ಎದ್ದರೆ ಎಲ್ಲ ಎದ್ದವು.

ತಳಿ ಮಾಡಿದವನು ಪರೀಕ್ಷೆಯ ದಿನ ಅಟ್ಟಣೆ ಹತ್ತಬಾರದು, ದನ ಬಿಡಬಾರದು, ಲೆಕ್ಕದ ಹಾಳೆ ಮುಟ್ಟಬಾರದು. ನಿಯಮ. ಹುಲ್ಲಪ್ಪ ನಿಯಮವನ್ನು ಅರೆದು ಕುಡಿದವನು. "ನಿಮ್ಮ ತಮ್ಮನ ಹುಲ್ಲು, ಲೆಕ್ಕಕ್ಕೆ ಬೇರೆಯವರನ್ನ ಹಾಕ್ಲಾ?" ಎಂದು ಕೇಂದ್ರದ ಸಾಹೇಬರು ಕೇಳಿದಾಗ ಅವನೇ, "ಅಕ್ಕನೇ ಇರ್ಲಿ ಸಾರ್, ನನ್ನ ಮೇಲೆ ಅವಳಿಗಿರೋಷ್ಟು ಕೋಪ ಯಾರಿಗೂ ಇಲ್ಲ" ಎಂದಿದ್ದ. ಅವನು ಬೇಲಿಯ ಹೊರಗೆ, ಏಳನೆಯ ತಾಕಿನ ಎದುರು, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ, ಅಷ್ಟೇ. ಪರೀಕ್ಷೆ ಬರೆಯುವ ಮಗುವಿನ ಅಪ್ಪ ಶಾಲೆಯ ಕಾಂಪೌಂಡಿನ ಹೊರಗೆ ನಿಂತಂತೆ. ನಿಲ್ಲಬಾರದೆಂದು ಯಾವ ನಿಯಮವೂ ಇರಲಿಲ್ಲ. ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮೂರನೆಯ ವರ್ಷದ ಪರೀಕ್ಷೆ ಬರುವಷ್ಟರಲ್ಲಿ ಅವನು ಮಲಗಿದ. ಹೊಟ್ಟೆಯಲ್ಲಿ ಗಡ್ಡೆ. ಕೊಯ್ದು ನೋಡಿದ ಡಾಕ್ಟರು ಹಾಗೇ ಹೊಲಿದು ಕಳಿಸಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮನೇಲಿ ಚೆನ್ನಾಗಿ ನೋಡ್ಕೊಳ್ಳಿ, ಕೇಳಿದ್ದು ಕೊಡಿ" ಎಂದರು. ಕೇಳಿದ್ದು ಕೊಡಿ ಎಂದರೆ ಏನರ್ಥ ಎಂದು ತಿಳಿಯದಷ್ಟು ಪೆದ್ದಿಯಲ್ಲ ನಾನು. ಅಲ್ಲಿದ್ದ ಬೆಂಚಿನ ಮೇಲೆ ಕೂತು ಅತ್ತೆ. ಮುಖ ತೊಳೆದುಕೊಂಡು ಒಳಗೆ ಹೋದರೆ ಅವನು, "ಏನಂತೆ? ಪರೀಕ್ಷೆವರೆಗೂ ಇರ್ತೀನಂತಾ?" ಎಂದ.

ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವನ ಕಬ್ಬಿಣದ ಮಂಚ ಹಾಕಿದೆ. ಕಿಟಕಿಯಿಂದ ಹೊಲ ಕಾಣುವುದಿಲ್ಲ, ನೀರಿನ ಟ್ಯಾಂಕು ಅಡ್ಡ. ಪರೀಕ್ಷೆಯ ಮೊದಲ ದಿನ ನಾನು ಹೊರಟಾಗ, "ಬಂದ ತಕ್ಷಣ ಹೇಳ್ಬೇಕು" ಎಂದು ಮಗುವಿನ ಹಾಗೆ ಮಾತು ತೆಗೆದುಕೊಂಡ. ಅವನಿಗೆ ಇನ್ನು ಬೇಕಾದದ್ದು ಅದೊಂದೇ. ಗಡ್ಡೆಯ ವಿಷಯವನ್ನು ಅವನು ಕೇಳುವುದನ್ನೇ ಬಿಟ್ಟಿದ್ದ.

ದನ ಬಿಡುವವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ, ದನಗಳಿಗೆ ಪಾಠ ಹೇಳುತ್ತಲೇ ನಡೆಯುತ್ತಾನೆಂದು. ಅವನು ಗೇಟು ತೆಗೆದ. ದೊಡ್ಡಮ್ಮ ಎಂದಿನಂತೆ ನೇರ ಏಳನೆಯ ತಾಕಿಗೆ ಹೋದಳು. ನಾನು ಪೆನ್ಸಿಲು ಹಿಡಿದೆ. ಅವಳು ಬೇಲಿಯವರೆಗೆ ಹೋಗಿ ನಿಂತಳು. ತಂತಿಯ ಮೇಲೆ ಗದ್ದ ಇಟ್ಟು ಹೊರಗೆ ನೋಡಿದಳು. ಒಂದು ಸಲ ಕೂಗಿದಳು. ಮೊಣಕಾಲೆತ್ತರದ ಹಸಿರಿನ ನಡುವೆ ನಿಂತಿದ್ದಾಳೆ, ತಲೆ ತಗ್ಗಿಸುತ್ತಿಲ್ಲ. ಹಿಂದೆ ಬಂದ ದನಗಳು ಸ್ವಲ್ಪ ಹೊತ್ತು ಅವಳ ಮುಖ ನೋಡಿದವು. ಒಂದೆರಡು ಕುಡಿ ಕಚ್ಚಿ ಬಾಯಿಂದ ಬಿಟ್ಟವು. ಆಮೇಲೆ ಒಂದೊಂದಾಗಿ ಮೂರನೆಯದಕ್ಕೆ, ಐದನೆಯದಕ್ಕೆ ಚದುರಿ ಗಬಗಬ ಮೇಯತೊಡಗಿದವು.

"ತಿನ್ನೇ ಮುದುಕಿ!" ಎಂದು ನಾನು ಅಟ್ಟಣೆಯಿಂದಲೇ ಕೂಗಿದೆ. ಕೂಗಬಾರದು, ಅದೂ ನಿಯಮ.

"ಮುನಿಸು ಅಕ್ಕಾವ್ರೇ, ನಾಳೆ ಸರಿಹೋಗತ್ತೆ," ಎಂದ ಮೇಷ್ಟ್ರು.

ನಾಳೆಯೂ ಹಾಗೇ ಆಯಿತು, ನಾಡಿದ್ದೂ ಹಾಗೇ. ಸಾಯಂಕಾಲ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ದನಿ ಬರುತ್ತಿತ್ತು: "ತಿಂದ್ವಾ ಅಕ್ಕ?"

"ಬಿಸಿಲು ಜಾಸ್ತಿ ಇತ್ತು. ಯಾವುದನ್ನೂ ಸರಿಯಾಗಿ ತಿನ್ಲಿಲ್ಲ."

"ದೊಡ್ಡಮ್ಮ ಏಳಕ್ಕೆ ಹೋದ್ಲಾ?"

"ಹೋದ್ಲು." ಇದು ಸುಳ್ಳಲ್ಲ.

ಅವನ ಮುಖ ಬೆಳಗುತ್ತಿತ್ತು. ಆ ಮುಖ ನೋಡಿದರೆ ನನಗೆ ಎದ್ದು ಅಡುಗೆಮನೆಗೆ ಹೋಗದೆ ಬೇರೆ ದಾರಿ ಇರುತ್ತಿರಲಿಲ್ಲ.

ಅವನಿಗೆ ಆಗ ಒಳಗೆ ಇಳಿಯುತ್ತಿದ್ದುದು ಗಂಜಿಯೊಂದೇ. ಒಂದು ಮಧ್ಯಾಹ್ನ ಬಿಡುವಿನಲ್ಲಿ ಮನೆಗೆ ಬಂದು ಬಟ್ಟಲು ಕೊಟ್ಟು ಪಕ್ಕದಲ್ಲಿ ಕೂತಿದ್ದೆ. ಚಮಚ ಚಮಚ ಕುಡಿಯುತ್ತಿದ್ದ. ಬಾಗಿಲಲ್ಲಿ ಹಾಲಿನವನು ಕೂಗಿದನೆಂದು ಎದ್ದು ಹೋದೆ, ಅವನ ಜೊತೆ ನೀರು ಬೆರೆಸಿದ್ದಕ್ಕೆ ಜಗಳವಾಡಿ ಬಂದೆ. ಬಂದು ನೋಡಿದರೆ ಬಟ್ಟಲು ಹಾಗೇ ಇದೆ, ಚಮಚ ಕೆಳಗಿದೆ, ಗೋಡೆ ನೋಡುತ್ತಿದ್ದಾನೆ. ನಾನು ಕೂತೆ. ಚಮಚ ತೆಗೆದುಕೊಂಡ.

"ನಾನಿಲ್ದಾಗ ಯಾಕೋ ನಿಲ್ಲಿಸ್ದೆ?"

"ರುಚಿ ಗಿಚಿ ಏನೂ ಗೊತ್ತಾಗಲ್ಲ ಅಕ್ಕ. ನೀನು ನೋಡ್ತಿದ್ರೆ ನಿನಗೋಸ್ಕರ ಇಳಿಯತ್ತೆ."

ನನ್ನ ಕೈಯಲ್ಲಿದ್ದ ಟವೆಲು ಹಾಗೇ ನಿಂತಿತು. ಹಿಂದಿನ ವರ್ಷ ಅವನು ಮೊದಲ ಸಲ ಆಸ್ಪತ್ರೆಗೆ ಹೋಗಿದ್ದ ದಿನ ದೊಡ್ಡಮ್ಮ ಏಳನೆಯದಕ್ಕೆ ಬಾಯಿ ಹಾಕಿರಲಿಲ್ಲ. ಅವಳಿಗೆ ಮೈ ಸರಿಯಿಲ್ಲವೆಂದು ಆ ದಿನವನ್ನು ಪಶುವೈದ್ಯರು ಲೆಕ್ಕದಿಂದ ತೆಗೆಸಿದ್ದರು. ಅವಳ ಮೈ ಸರಿಯಾಗಿಯೇ ಇತ್ತು. ಅವನು ಬೇಲಿಯ ಹತ್ತಿರ ಇರಲಿಲ್ಲ, ಅಷ್ಟೇ.

ಅನುಮಾನ ಬಂದ ಮೇಲೆ ಪರೀಕ್ಷೆ ಮಾಡದೆ ಬಿಟ್ಟರೆ ನಾನು ಇಷ್ಟು ವರ್ಷ ಆ ಅಟ್ಟಣೆಯ ಮೇಲೆ ಕೂತಿದ್ದು ದಂಡ. ಆ ದಿನದ ಲೆಕ್ಕ ಮುಗಿದ ಮೇಲೆ, ದನಗಳನ್ನು ಇನ್ನೂ ಹೊರಗೆ ಹೊಡೆಯುವ ಮೊದಲು, ಮನೆಯ ಗೂಟದಿಂದ ತಂದಿದ್ದ, ಅವನು ಹೊಲಕ್ಕೆ ತೊಡುತ್ತಿದ್ದ ಕೋಟು ತೊಟ್ಟುಕೊಂಡು ಹೋದೆ. ಏಳನೆಯದರ ಎದುರು ನಿಲ್ಲಲಿಲ್ಲ. ಎರಡನೆಯದರ ಎದುರು ನಿಂತೆ. ಅದು ಗರಗಸದ ಅಂಚಿನ ಒರಟು ಹುಲ್ಲು. ಹೋಲಿಸಿ ನೋಡಲೆಂದೇ ಬೆಳೆಸಿದ್ದು, ಯಾವ ದನವೂ ಮೂಸುವುದಿಲ್ಲ.

ದೊಡ್ಡಮ್ಮ ಹೊಲದ ಆ ತುದಿಯಲ್ಲಿದ್ದಳು. ಗಾಳಿ ನನ್ನ ಕಡೆಯಿಂದ ಬೀಸುತ್ತಿತ್ತು. ತಲೆ ಎತ್ತಿದಳು. ಬಂದಳು, ಆ ವಯಸ್ಸಿಗೆ ಓಡಿಯೇ ಬಂದಳು. ತಂತಿಯ ಮೇಲಿಂದ ಮೂತಿ ಚಾಚಿ ಕೋಟಿನ ಜೇಬಿನೊಳಗೆ ತೂರಿಸಿ ಉಸಿರೆಳೆದಳು. ಆಮೇಲೆ ತಲೆ ತಗ್ಗಿಸಿ, ನಾಲಿಗೆ ಕುಯ್ಯುವ ಆ ಹಾಳು ಹುಲ್ಲನ್ನು ಬಾಯಿ ತುಂಬ ಕಿತ್ತು ಅಗಿದಳು. ನುಂಗಿದಳು. ಇನ್ನೊಂದು ತುತ್ತು ಕಿತ್ತಳು. ಅಗಿಯುತ್ತ ಮೇಲೆ ನೋಡಿ ನನ್ನ ಮುಖ ಕಂಡಳು. ಸ್ವಲ್ಪ ಹೊತ್ತು ನೋಡಿದಳು. ಬಾಯಲ್ಲಿದ್ದದ್ದು ಕೆಳಗೆ ಬಿತ್ತು. ಹಿಂದೆ ಸರಿದು ಹೊರಟುಹೋದಳು.

ನಾನು ಆ ಕೋಟಿನಲ್ಲೇ ಮುಖ ಮುಚ್ಚಿಕೊಂಡು ಬೇಲಿಯ ಬುಡದಲ್ಲಿ ಕುಸಿದು ಕೂತೆ. ಅವಳಿಗಾಗಿ ಅತ್ತೆನೋ ಅವನಿಗಾಗಿ ಅತ್ತೆನೋ ಕೇಳಬೇಡಿ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ಎರಡು ವರ್ಷದ ಗೆಲುವೆಲ್ಲ ಒಂದು ಹಸುವಿನ ದಾಕ್ಷಿಣ್ಯ. ಹುಲ್ಲು ಹಸಿರಾಗಿತ್ತು, ಬಿಸಿಲಿಗೆ ಜಗ್ಗುತ್ತಿರಲಿಲ್ಲ, ತುಳಿದರೂ ಚಿಗುರುತ್ತಿತ್ತು. ದನ ಅದನ್ನು ತಿನ್ನುತ್ತಿರಲಿಲ್ಲ. ಹನ್ನೆರಡು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಮೇಷ್ಟ್ರು ಎಲ್ಲವನ್ನೂ ನೋಡಿದ್ದ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. "ಅಕ್ಕಾವ್ರೇ, ಇದಕ್ಯಾಕೆ ಅಳೋದು? ಹುಲ್ಲಪ್ಪನವರನ್ನ ಕುರ್ಚೀಲಿ ಕೂರಿಸ್ಕೊಂಡು ದಿನಾ ಒಂದಿಷ್ಟು ಹೊತ್ತು ಏಳರ ಮುಂದೆ ನಿಲ್ಲಿಸೋಣ. ಇವಳು ತಿಂತಾಳೆ, ಇವಳ ಹಿಂದೆ ಎಲ್ಲಾ ತಿಂತವೆ. ಅವ್ರಿಗೂ ಸಂತೋಷ."

ಸಾಹೇಬರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ನಾನು ಕಂಡದ್ದನ್ನೆಲ್ಲ ಅವರ ಮೇಜಿನ ಮುಂದೆ ನಿಂತು ಹೇಳಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಒಳ್ಳೆಯ ಮನುಷ್ಯ. "ನೋಡಮ್ಮ, ಹಿಂದಿನ ಎರಡು ವರ್ಷ ಅವರು ಅಲ್ಲೇ ನಿಂತಿದ್ರು. ಈ ವರ್ಷವೂ ನಿಂತ್ರೆ ಯಾವ ನಿಯಮವೂ ಮುರಿಯಲ್ಲ. ನಾನಂತೂ ಬೇಡ ಅನ್ನಲ್ಲ," ಎಂದರು. "ಅವರಿಗೆ ಇನ್ನೆಷ್ಟು ದಿನ ಇದೆ ಹೇಳಿ."

ಎಲ್ಲರೂ ಒಳ್ಳೆಯವರೇ. ಅದೇ ನನಗೆ ತಡೆಯಲಾಗಲಿಲ್ಲ. ಒಬ್ಬನಾದರೂ ಕೆಟ್ಟವನಿದ್ದಿದ್ದರೆ ಬೈದು ಹಗುರಾಗುತ್ತಿದ್ದೆ.

ನನ್ನ ಕಣ್ಣಿಗೆ ಮಾತ್ರ ಬೇರೆಯೇ ಕಾಣುತ್ತಿತ್ತು. ಪಾಸಾದ ಬೀಜವನ್ನು ಜನ ನಂಬಿ ಕೊಂಡೊಯ್ಯುತ್ತಾರೆ. ಇದ್ದ ಹುಲ್ಲುಗಾವಲು ಉತ್ತು ಇದನ್ನು ಹಾಕುತ್ತಾರೆ. ಮಳೆ ನಿಲ್ಲುತ್ತದೆ. ಸುತ್ತ ಎಲ್ಲ ಒಣಗಿ ಇದೊಂದೇ ಹಸಿರಾಗಿ ನಿಂತಿರುತ್ತದೆ, ಅದರ ನಡುವೆ ದನಗಳು ಪಕ್ಕೆಲುಬು ಎಣಿಸುವ ಹಾಗಾಗಿ ನಿಂತಿರುತ್ತವೆ. ಆ ಹೊಲಗಳ ಬೇಲಿಯ ಹೊರಗೆ ನನ್ನ ತಮ್ಮ ನಿಂತಿರುವುದಿಲ್ಲ. ಅವನು ಎಲ್ಲಿಯೂ ಇರುವುದಿಲ್ಲ.

ಆ ವಾರದಲ್ಲೇ ಅವನು ಕೇಳಿದ. "ಅಕ್ಕ, ಒಂದ್ಸಲ ನನ್ನ ಬೇಲಿ ಹತ್ರ ಕರ್ಕೊಂಡು ಹೋಗು."

"ಆಗಲ್ಲ. ಬಿಸಿಲು."

"ಛತ್ರಿ ಹಿಡ್ಕೋ."

"ಡಾಕ್ಟರು ಅಲುಗಾಡಬಾರ್ದು ಅಂದಿದಾರೆ."

"ಡಾಕ್ಟರು ಕೇಳಿದ್ದು ಕೊಡಿ ಅಂದಿದಾರೆ. ನಾನೂ ಕೇಳಿಸ್ಕೊಂಡಿದೀನಿ." ನಕ್ಕ. ನಾನು ನಗಲಿಲ್ಲ. ಅವನ ನಗೆ ನಿಂತಿತು. "ಏಳನೇದನ್ನ ನೋಡ್ಬೇಕು, ಅವಳನ್ನ ನೋಡ್ಬೇಕು. ಇನ್ನೇನು ಕೇಳಿದೀನಿ ನಿನ್ನ?"

"ಪರೀಕ್ಷೆ ಮುಗೀಲಿ, ಕರ್ಕೊಂಡು ಹೋಗ್ತೀನಿ."

"ಅಷ್ಟರಲ್ಲಿ ನಾನೇ ಮುಗಿದ್ರೆ?"

"ಬಾಯ್ ಮುಚ್ಚು," ಎಂದೆ. ಅವನು ಗೋಡೆಯ ಕಡೆ ತಿರುಗಿಕೊಂಡ. ಹುಟ್ಟಿದಂದಿನಿಂದ ಅವನು ನನ್ನ ಮೇಲೆ ಮುನಿಸಿಕೊಂಡದ್ದು ಊಟ ಮುಗಿಯುವವರೆಗೆ ಮಾತ್ರ. ಈ ಸಲ ಎರಡು ದಿನ ಮಾತಾಡಲಿಲ್ಲ. ಗಂಜಿ ಕುಡಿದ. ತಿಂದ್ವಾ ಎಂದು ಕೇಳಲಿಲ್ಲ. ಸಾಯುತ್ತಿರುವ ತಮ್ಮನ ಜೊತೆ ಉಳಿದಿರುವ ದಿನಗಳನ್ನು ನಾನು ಹೀಗೆ ಹಾಳು ಮಾಡಿಕೊಳ್ಳುತ್ತಿದ್ದೆ. ಬಾಗಿಲ ಹೊರಗೆ ನಿಂತು ಎಷ್ಟೋ ಸಲ ಮೇಷ್ಟ್ರನ್ನು ಕರೆದುಬಿಡೋಣ ಎನಿಸಿತು. ಕುರ್ಚಿ ತಾ, ಹೋಗೋಣ, ಲೋಕದ ದನಗಳಿಗೆಲ್ಲ ನಾನೊಬ್ಬಳೇ ಅಮ್ಮನೇ ಎಂದು. ಆಮೇಲೆ ಅವನೇ ಕಿತ್ತೆಸೆದ ನೂರಾರು ತಳಿಗಳು ನೆನಪಾಗುತ್ತಿದ್ದವು. ಅದರಲ್ಲಿ ಒಂದನ್ನು ಅವನು ಐದು ವರ್ಷ ಸಾಕಿದ್ದ. ಬುಡದಲ್ಲಿ ಸಣ್ಣ ರೋಗದ ಚುಕ್ಕೆ ಕಂಡ ದಿನವೇ ಗುದ್ದಲಿ ಹಿಡಿದು ಅಗೆದಿದ್ದ. ಇವನಿಗೆ ಮೋಸದ ಗೆಲುವು ಕೊಟ್ಟು ಕಳಿಸಿದರೆ ಅವನಿಗೆ ಗೊತ್ತಾಗದಿರಬಹುದು, ನನಗೆ ಗೊತ್ತಿರುತ್ತದಲ್ಲ. ಕರೆಯಲಿಲ್ಲ.

ಪರೀಕ್ಷೆಯ ಕೊನೆಯ ದಿನ ದನಗಳನ್ನು ಇನ್ನೂ ಹೊಲದಲ್ಲೇ ಬಿಟ್ಟು, ಲೆಕ್ಕದ ಹಾಳೆಗೆ ರುಜು ಹಾಕಿ ಸಾಹೇಬರ ಕೈಗೆ ಕೊಟ್ಟು, ಅಲ್ಲಿಂದ ನೇರ ಮನೆಗೆ ನಡೆದೆ. "ಏಳೋ, ಹೋಗೋಣ" ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಕೂದಲು ಬಾಚು ಎಂದ. ಬಾಚಿದೆ. ಆ ಕೋಟು ತೊಡಿಸಿದರೆ ಅದು ಅವನ ಮೇಲೆ ನೇತುಹಾಕಿದ ಹಾಗೇ ಇತ್ತು.

ಮೇಷ್ಟ್ರು ಗಾಲಿಕುರ್ಚಿ ತಳ್ಳಿದ. ಹೊಲದ ದಾರಿಯ ಉಬ್ಬುತಗ್ಗಿಗೆ ಕುರ್ಚಿ ಎಗರುತ್ತಿತ್ತು. "ನಿಧಾನ ಮೇಷ್ಟ್ರೇ, ಗೊಬ್ಬರದ ಗಾಡಿ ಅಲ್ಲ ಇದು," ಎಂದ ಹುಲ್ಲಪ್ಪ. ಗಾಳಿ ಮುಖಕ್ಕೆ ಬಡಿದು ಅವನಿಗೆ ಗೆಲುವಾಗಿತ್ತು. ಸುಳ್ಳೊಂದನ್ನು ನಾನು ಸಿದ್ಧ ಮಾಡಿಟ್ಟುಕೊಂಡಿದ್ದೆ: ತಿಂದ ಮೇಲೆ ಮತ್ತೆ ಚಿಗುರಿದೆ, ನಿನ್ನ ಹುಲ್ಲಿನ ಬೆಳೆ ಅಂದರೆ ಅಂಥದ್ದು ಎಂದು. ಬೇಲಿಯ ಉದ್ದಕ್ಕೂ ಅವನು ತಾಕುಗಳನ್ನು ಓದುತ್ತ ಬಂದ. "ಎರಡು, ಹಾಗೇ ಇದೆ. ಮೂರು ಬೋಳಾಗಿದೆ, ಚೆನ್ನಾಗಿ ಮೇಯ್ದಿವೆ. ಐದು ಪರ್ವಾಗಿಲ್ಲ."

ಏಳನೆಯದರ ಮುಂದೆ ಕುರ್ಚಿ ನಿಂತಿತು. ಹುಲ್ಲು ಸೊಂಟದೆತ್ತರ ಬೆಳೆದು ತೆನೆ ಬಿಟ್ಟಿತ್ತು. ಎಲ್ಲೂ ಮೇಯ್ದ ಗುರುತಿರಲಿಲ್ಲ.

"ಬಾಯೇ ಇಟ್ಟಿಲ್ಲ ಅಕ್ಕ."

ಸಿದ್ಧ ಮಾಡಿಟ್ಟಿದ್ದ ಸುಳ್ಳನ್ನು ಹೇಳಲಾಗಲಿಲ್ಲ. "ಇಲ್ಲ," ಎಂದೆ.

"ಒಂದು ದಿನಾನೂ?"

"ಇಲ್ಲ ಕಣೋ."

ಅಷ್ಟರಲ್ಲಿ ಹೊಲದ ಆ ಕಡೆಯಿಂದ ಒಂದು ಕೂಗು ಕೇಳಿಸಿತು. ದೊಡ್ಡಮ್ಮ ಬರುತ್ತಿದ್ದಳು. ತೆನೆಗಳನ್ನು ಸೀಳಿಕೊಂಡು ಬಂದು ತಂತಿಯ ಮೇಲೆ ಕತ್ತು ಚಾಚಿ ಅವನ ಕೈ, ತೋಳು, ಕೋಟು, ಕೆನ್ನೆ ಎಲ್ಲ ನೆಕ್ಕಿದಳು. ಅವನು ಅವಳ ಹಣೆಗೆ ಹಣೆ ಕೊಟ್ಟ. ಆಮೇಲೆ ಅವಳು ಸಮಾಧಾನದ ಉಸಿರು ಬಿಟ್ಟು, ತಲೆ ತಗ್ಗಿಸಿ, ಏಳನೆಯದನ್ನು ಮೇಯತೊಡಗಿದಳು. ಬಾಯಿ ತುಂಬ ಕಿತ್ತು ಅಗಿಯುವುದು, ಕಣ್ಣೆತ್ತಿ ಅವನನ್ನು ನೋಡುವುದು, ಮತ್ತೆ ಕೀಳುವುದು. ಹಿಂದೆಯೇ ಉಳಿದ ದನಗಳೂ ಬಂದು ಬಾಯಿ ಹಾಕಿದವು.

"ತಿಂತಾ ಇದಾವೆ! ಅಕ್ಕಾವ್ರೇ, ಬರ್ಕೊಳಿ, ಬರ್ಕೊಳಿ!" ಎಂದು ಮೇಷ್ಟ್ರು ಕುಣಿದುಬಿಟ್ಟ.

ಹುಲ್ಲಪ್ಪ ಹಸುವಿನ ದವಡೆಯನ್ನೇ ನೋಡುತ್ತಿದ್ದ. ಆಮೇಲೆ ಕುರ್ಚಿ ನಿಂತ ಜಾಗವನ್ನು ನೋಡಿದ. ಅಲ್ಲಿ ನೆಲ ಅವನು ನಿಂತೂ ನಿಂತೂ ಸವೆದಿತ್ತು, ಒಂದು ಎಳೆ ಹುಲ್ಲೂ ಇರಲಿಲ್ಲ. ಜೀವನವಿಡೀ ದನದ ಬಾಯಿಯನ್ನು ಓದಿದವನಿಗೆ ಬಿಡಿಸಿ ಹೇಳಬೇಕಾದ್ದೇನಿದೆ.

"ನಾನು ಇಲ್ಲೇ ನಿಂತಿರ್ತಿದ್ನಲ್ಲ," ಎಂದ.

"ಹೂಂ."

"ಅದಕ್ಕೇ ನೀನು ನನ್ನ ಕರ್ಕೊಂಡು ಬರ್ಲಿಲ್ಲ."

"ಹೂಂ."

"ಲೆಕ್ಕ ಕೊಟ್ಟಾಯ್ತಾ?"

"ಕೊಟ್ಟೇ ಬಂದೆ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ತಂತಿಗಳ ನಡುವೆ ಕೈ ತೂರಿಸಿ ಅವಳ ದವಡೆಯ ಕೆಳಗೆ ಅಂಗೈ ಇಟ್ಟು ಮೇಲಕ್ಕೆತ್ತಿದ. "ಬಿಡೇ, ಸಾಕು," ಎಂದ. "ಅಗಿದು ನೋಡ್ದಾಗೆಲ್ಲ ನಂಗೂ ಕಹಿ ಅನ್ನಿಸ್ತಿತ್ತು ಕಣೇ. ನೀನು ತಿಂತಿದೀಯಲ್ಲ ಅಂತ ನಂಬಿದೆ." ಅವಳು ಆಟವೆಂದುಕೊಂಡು ಅವನ ಕೈ ನೆಕ್ಕಿ ಮತ್ತೆ ತಲೆ ತಗ್ಗಿಸಿದಳು. ಅವನು ಮತ್ತೆ ಎತ್ತಿದ. ಕಡ್ಡಿಯಾಗಿದ್ದ ಆ ಕೈಯಲ್ಲಿ ಬಲವೆಲ್ಲಿತ್ತು? "ಬೇಡ್ವೇ. ನನಗೋಸ್ಕರ ತಿನ್ಬೇಡ್ವೇ," ಎಂದು ಗೋಗರೆದ. ಅವಳು ತಿನ್ನುತ್ತಲೇ ಇದ್ದಳು.

ಕೊನೆಗೆ ಕೈ ಹಿಂದಕ್ಕೆ ತೆಗೆದುಕೊಂಡ. "ನಾನಿಲ್ಲಿರೋವರೆಗೂ ಇವಳು ಬಿಡಲ್ಲ. ಮೇಷ್ಟ್ರೇ, ಗೇಟು ತೆಗೆದು ಬಂದು ನನ್ನ ಆ ಕಾಲುವೆ ಪಕ್ಕಕ್ಕೆ ತಳ್ಕೊಂಡು ಹೋಗಿ."

ಕಾಲುವೆಯ ದಂಡೆಯಲ್ಲಿ ಯಾರೂ ನೆಡದ, ಯಾರೂ ಪರೀಕ್ಷೆ ಮಾಡದ ಗರಿಕೆಯಿತ್ತು, ನೀರಿನ ತೇವಕ್ಕೆ ಎಳೆಯದಾಗಿತ್ತು. ಕುರ್ಚಿ ಹೊರಟ ಕೂಡಲೇ ದೊಡ್ಡಮ್ಮ ಬಾಯಲ್ಲಿದ್ದ ತುತ್ತನ್ನು ಉಗುಳಿ ಗೇಟು ದಾಟಿ ಹಿಂಬಾಲಿಸಿದಳು. ಕುರ್ಚಿ ನಿಂತಲ್ಲಿ ನಿಂತಳು. ನೆಲ ಮೂಸಿದಳು. ಆಮೇಲೆ ಮೇಯತೊಡಗಿದಳು. ಈ ಸಲ ಕಣ್ಣೆತ್ತಿ ಅವನನ್ನು ನೋಡಲಿಲ್ಲ. ನಾಲಿಗೆ ಸುತ್ತಿ ಪರಕ್ ಪರಕ್ ಎಂದು ಕೀಳುವ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು. ಆಸೆಯಿಂದ ತಿನ್ನುವ ದನ ಹೀಗೆ ತಿನ್ನುತ್ತದೆ. ನನಗೆ ಅದು ಗೊತ್ತಿರಬೇಕಿತ್ತು, ಅವನಿಗಂತೂ ಗೊತ್ತೇ ಇತ್ತು.

ಅವನು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ, ಅಮ್ಮ ಹೋದ ದಿನ ಅತ್ತ ಹಾಗೆ. ನಾನು ಕುರ್ಚಿಯ ಹಿಂದಿನಿಂದ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತೆ. ನನ್ನ ಕೈಯಿಂದ ಬೇರೇನೂ ಆಗುತ್ತಿರಲಿಲ್ಲ. ಹೊತ್ತು ಇಳಿಯಿತೆಂದು ಮೇಷ್ಟ್ರು ಕುರ್ಚಿಗೆ ಕೈ ಹಾಕಿದ.

"ಇರಿ," ಎಂದ ಹುಲ್ಲಪ್ಪ, ಕಣ್ಣೊರೆಸಿಕೊಂಡು. "ಇವತ್ತು ಅವಳ ಹೊಟ್ಟೆ ತುಂಬ್ಲಿ."